ದೀಪದೋಷ ವಿಚಾರ

ಕೆಟ್ಟುಹೋದ ವಸ್ತುವೊಂದು ಸರಿಯಾಯಿತೆಂದು ಯಾವಾಗ ಹೇಳಬಹುದು? ಈ ಪ್ರಶ್ನೆಯು ಮೇಲುನೋಟಕ್ಕೆ ಬಾಲಿಶವಾಗಿ ತೋರಬಹುದು. ಹರಿದ ಬಟ್ಟೆಯನ್ನು ಹೊಲಿದರೆ ಸರಿಯಾಯಿತು. ಸೋರುವ ಕೊಡಕ್ಕೆ ಬೆಸುಗೆ ಹಾಕಿಸಿದರೆ ಸರಿಯಾಯಿತು. ಇದರಲ್ಲಿ ವಿಚಾರಿಸತಕ್ಕದ್ದೇನಿದೆ ಎಂದು ವಾಚಕರು ಕೇಳಬಹುದು. ಆದರೆ ಕೆಟ್ಟದ್ದು ಕಣ್ಣಿಗೆ ಕಾಣುವವರೆಗೆ ಮಾತ್ರ ಈ ಮಾತು ನಿಲ್ಲುವುದು. ದೋಷವಿರುವ ಸ್ಥಳ ಒಂದು, ಅದು ತೋರಿಬರುವ ಸ್ಥಳ ಬೇರೊಂದು, ಅದರಿಂದ ಬಾಧೆಪಡುವವನು ಇನ್ನೊಬ್ಬನು; ಹೀಗಿರುವಲ್ಲಿ ತೋರಿಕೆಯು ನಿಂತೊಡನೆ ದೋಷವೂ ಹೋಯಿತೆನ್ನುವುದಕ್ಕಾಗದು. ಈ ವಿಚಾರಕ್ಕೆ ದೊಡ್ಡ ದೊಡ್ಡ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. ಅಂಗಡಿಯಿಂದ ತಂದ ಹೊಸ ಹೆಡ್‌ಲೈಟುಗಳನ್ನು ತನ್ನ ಮೋಟಾರುಗಾಡಿಗೆ ಕೂರಿಸಿ, ಅವು ಸರಿಯಾಗಿ ಉರಿಯದೆ ತೊಳಲಾಡುವ ಗೃಹಸ್ಥನ ಪಾಡೇ ಇದಕ್ಕೆ ಸಾಕು.

ಹಿಂದಿನ ಗಾಡಿಗಳಲ್ಲಿ ದೀಪದ ದೋಷವು ಬಹುಮಟ್ಟಿಗೆ ಪ್ರತ್ಯಕ್ಷವಾಗಿಯೇ ಇತ್ತು. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿ, ಅಸಿಟಿಲಿನ್ ಅನಿಲವು ಹುಟ್ಟಿ ಉರಿಯುತ್ತಿದ್ದ ದೀಪಗಳ ಕಾಲದಲ್ಲಿ, ಬೆಳಕು ಕುಂದಿತೆಂದರೆ ನೀರು ಮುಗಿದಿದೆಯೆ, ಕಾರ್ಬೈಡೆಲ್ಲವೂ ಸುಣ್ಣವಾಗಿದೆಯೆ, ಕೊಳವೆ ಕಟ್ಟಿದೆಯೆ ಎಂದು ಮುಚ್ಚಳ ತೆಗೆದು ನೋಡಬಹುದಾಗಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಗಾಡಿಗೆ ವಿದ್ಯುತ್ತಿನ ಸ್ಟಾರ್ಟರೂ ದೀಪಗಳೂ ಒಂದೇ ವ್ಯವಸ್ಥೆಯಾಗಿ ಬಂದುವು. 1962ರಲ್ಲಿ ಯುರೋಪಿನ ಗಾಡಿಗಳಿಗೆ ಹ್ಯಾಲೊಜನ್ ದೀಪವು ಬಂದಿತು. ಬೆಳಕು ಹೆಚ್ಚುತ್ತ ಹೋಯಿತು. ದೋಷವು ಮಾತ್ರ ತಂತಿಯೊಳಗೆ ಅಡಗಿಕೊಂಡಿತು. ತಂತಿಯೊಳಗೆ ಹರಿಯುವುದನ್ನು ಕಂಡವರಿಲ್ಲ. ಪ್ರತ್ಯಕ್ಷವು ಕೈಬಿಟ್ಟಲ್ಲಿ ಅನುಮಾನವೇ ಗತಿ. ಅನುಮಾನವೆಂದಮೇಲೆ ತಪ್ಪು ಅನುಮಾನವೂ ಅದರ ಬೆನ್ನಿಗೇ ಇರುವುದು.

ಉದಾಹರಣೆಗಾಗಿ ತೀರ್ಥಹಳ್ಳಿಯ ಕಡೆಯ ಅಡಕೆತೋಟದ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳಬಹುದು; ಅವರನ್ನು ರಾಯರೆಂದು ಕರೆದರೆ ಸಾಕು. ವಯಸ್ಸು ಅರವತ್ತೈದನ್ನು ದಾಟಿದೆ. ಮಗಳನ್ನು ಉಡುಪಿಯ ಕಡೆ ಕೊಟ್ಟಿರುವುದರಿಂದ ಆಗುಂಬೆಯ ಘಾಟಿಯ 14 ತಿರುವುಗಳನ್ನು ತಮ್ಮ ಹಳೆಯ ಜೀಪಿನಲ್ಲಿ ಆಗಾಗ್ಗೆ ಇಳಿಯಬೇಕಾಗುತ್ತದೆ. ಮಳೆಗಾಲದ ಮಂಜಿನಲ್ಲಿ ಹಳೆಯ ದೀಪಗಳು ಸಾಲದಾದುವು. ಆದುದರಿಂದ ಏಳು ಇಂಚಿನ ಹೊಸ ಗುಂಡು ದೀಪಗಳನ್ನು ತರಿಸಿ, ತಮ್ಮ ತಮ್ಮನ ಮಗನೊಡನೆ ಒಂದು ಭಾನುವಾರ ತಾವೇ ಕೂರಿಸಿದರು. ಕೂರಿಸುವಾಗ ಮಡ್‌ಗಾರ್ಡಿಗೆ ಹೊಸದಾಗಿ ಬಣ್ಣವನ್ನೂ ಹೊಡೆಸಿದ್ದರು. ಸಂಜೆ ಸ್ವಿಚ್ಚು ಹಾಕಿದಾಗ ಬಲದ ದೀಪವು ಚೆನ್ನಾಗಿ ಹೊತ್ತಿತು. ಎಡದ್ದು ಎಣ್ಣೆ ಮುಗಿದ ಹಣತೆಯಂತೆ ಕೆಂಪಗೆ ಮಿಣುಕಿತು.

ಈ ಜಾತಿಯ ದೀಪಕ್ಕೆ ಎಚ್4 ಎಂದು ಹೆಸರು. ಒಂದೇ ಗಾಜಿನೊಳಗೆ ಎರಡು ತಂತುಗಳಿರುವುವು: ತಗ್ಗಿದ ಬೆಳಕಿಗೆ, ಎಂದರೆ ಲೋ ಬೀಮಿಗೆ, 55 ವಾಟಿನದೊಂದು, ದೂರದ ಬೆಳಕಿಗೆ, ಹೈ ಬೀಮಿಗೆ, 60 ವಾಟಿನದೊಂದು. ಹಿಂಬದಿಯಲ್ಲಿ ಮೂರು ಕಡ್ಡಿಗಳು. ಎರಡರಲ್ಲಿ ವಿದ್ಯುತ್ತು ಒಳಗೆ ಬರುವುದು. ಮೂರನೆಯದು ಎರಡು ತಂತುಗಳಿಗೂ ಸಮಾನವಾದ ಹಿಂದಿರುಗುವ ದಾರಿ. ಆ ದಾರಿಯು ಗಾಡಿಯ ಲೋಹದ ಮೈಯನ್ನು ಸೇರಿ, ಅದರ ಮೂಲಕ ಬ್ಯಾಟರಿಯನ್ನು ಮುಟ್ಟುತ್ತದೆ. ಕೆಲಸದವರು ಅದನ್ನು ಅರ್ತಿಂಗ್ ಎನ್ನುವರು. ಜನರು ದೀಪಕ್ಕೆ ಬರುವ ವಿದ್ಯುತ್ತನ್ನು ಕುರಿತು ಯೋಚಿಸುತ್ತಾರೆಯೇ ಹೊರತು ಅದು ಹಿಂದಿರುಗಬೇಕೆಂಬುದನ್ನು ಯೋಚಿಸುವುದು ವಿರಳ.

ರಾಯರು ಮಾಡಿದ ಅನುಮಾನವು ಎಲ್ಲರೂ ಮಾಡುವಂಥದು: ಎಡದ ಬಲ್ಬು ಕೆಟ್ಟದ್ದು, ಮಂಕಾಗಿ ಉರಿಯುತ್ತಿರುವುದರಿಂದ. ತರ್ಕವನ್ನು ಓದಿದವರು ಇದನ್ನು ಸವ್ಯಭಿಚಾರವೆಂದು ಒಡನೆಯೇ ಗುರುತಿಸುವರು. ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಸಮಾನವಾಗಿ ಕಂಡುಬರುವ ಹೇತುವು ಏನನ್ನೂ ಸಾಧಿಸಲಾರದು. ಕೆಟ್ಟ ಬಲ್ಬು ಮಂಕಾಗಬಹುದು. ಒಳ್ಳೆಯ ಬಲ್ಬಿಗೆ ಸಾಕಷ್ಟು ವಿದ್ಯುತ್ತು ಒದಗದಿದ್ದರೆ ಅದೂ ಮಂಕಾಗಬಹುದು. ಇವೆರಡನ್ನು ಬೇರ್ಪಡಿಸುವುದಕ್ಕೆ ಅನ್ವಯವ್ಯತಿರೇಕಗಳ ಪರೀಕ್ಷೆ ಬೇಕು. ಅದಕ್ಕೆ ಒಂದು ಕಾಸೂ ಖರ್ಚಿಲ್ಲ. ಎಡದ ಬಲ್ಬನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡಿದರಾಯಿತು. ಮಂಕು ಬಲ್ಬನ್ನು ಹಿಂಬಾಲಿಸಿದರೆ ದೋಷವು ಬಲ್ಬಿನದು. ಎಡಗಡೆಯಲ್ಲೇ ನಿಂತರೆ ದೋಷವು ಎಡಗಡೆಯ ತಂತಿಗಳದು. ರಾಯರು ಇದನ್ನು ಮಾಡಲಿಲ್ಲ. ಪೇಟೆಗೆ ಹೋಗಿ ಹೊಸ ಬಲ್ಬನ್ನು ತಂದರು, ಅದೂ ಮಿಣುಕಿತು. ಅಂಗಡಿಯವನು ಮೋಸಮಾಡಿದನೆಂದು ಬೈದು ಮತ್ತೊಂದನ್ನು ತಂದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಕಾರಣವನ್ನು ಹುಡುಕಲು ಹೊರಟವರು ಅಪರಾಧಿಯನ್ನು ಹುಡುಕತೊಡಗಿದ್ದರು. ಕಾರಣವು ದೊರೆಯುವವರೆಗೆ ಕೆಲಸ ನಿಲ್ಲುವುದಿಲ್ಲ. ಅಪರಾಧಿಯು ದೊರೆತೊಡನೆ ಮನಸ್ಸು ತೃಪ್ತಿಗೊಂಡು ಹುಡುಕುವುದನ್ನೇ ಬಿಟ್ಟುಬಿಡುತ್ತದೆ.

ತಮ್ಮನ ಮಗನು ಮೀಟರನ್ನು ತಂದು, ಬಲ್ಬಿನ ಸಾಕೆಟ್ಟನ್ನು ಕಳಚಿ, ಲೋ ಬೀಮಿನ ತಂತಿಗೂ ಬ್ಯಾಟರಿಗೂ ನಡುವೆ ಅಳೆದನು. 12.4 ವೋಲ್ಟು ತೋರಿತು. “ದೊಡ್ಡಪ್ಪ, ಕರೆಂಟು ಸರಿಯಾಗಿಯೇ ಬರುತ್ತಿದೆ” ಎಂದನು. ಅವನ ಮಾತು ಸುಳ್ಳಲ್ಲ. ಆದರೆ ಅವನು ಅಳೆದದ್ದು ಬರುವ ದಾರಿಯನ್ನು ಮಾತ್ರ, ಅದೂ ಭಾರವಿಲ್ಲದ ತಂತಿಯಲ್ಲಿ. ಹತ್ತು ಎಳೆಗಳಲ್ಲಿ ಒಂಬತ್ತು ಕಡಿದುಹೋದ ತಂತಿಯೂ ಬಲ್ಬನ್ನು ಕಳಚಿದಾಗ ಪೂರ್ಣ 12 ವೋಲ್ಟನ್ನೇ ತೋರಿಸುತ್ತದೆ. ಬಲ್ಬು ನಾಲ್ಕೂವರೆ ಆಂಪಿಯರನ್ನು ಎಳೆಯತೊಡಗಿದಾಗ ಮಾತ್ರ ಅದರ ಬಡತನವು ಹೊರಬೀಳುವುದು. ಹರಿಯುವ ಪ್ರವಾಹವು ಹೆಚ್ಚಿದಷ್ಟೂ ತಡೆಯಲ್ಲಿ ನಷ್ಟವಾಗುವ ವೋಲ್ಟು ಹೆಚ್ಚುವುದೆಂದು ಜರ್ಮನಿಯ ಓಮನು 1827ರಲ್ಲಿಯೇ ಪ್ರಕಟಿಸಿದ್ದಾನೆ. ಮನುಷ್ಯರ ವಿಷಯದಲ್ಲಿ ಇದು ಎಲ್ಲರಿಗೂ ತಿಳಿದದ್ದೇ. ಮದುವೆಯ ಮನೆಯಲ್ಲಿ ಹರಟುವಾಗ ಒಳ್ಳೆಯವರಾಗಿ ತೋರುವ ನೆಂಟರನ್ನೆಲ್ಲ ಸಾಲ ಕೇಳಿದ ದಿನವೇ ಅರಿಯಬೇಕಾಗುತ್ತದೆ. ತಂತಿಯನ್ನು ಮಾತ್ರ ಸುಮ್ಮನಿರುವಾಗ ಪರೀಕ್ಷಿಸಿ ನಂಬುತ್ತಾರೆ.

ಇಷ್ಟರಲ್ಲಿ ಅಂಗಡಿಯವನು 100/90 ವಾಟಿನ ಬಲ್ಬುಗಳನ್ನು ಹಾಕಿದರೆ ಎಲ್ಲವೂ ಸರಿಹೋಗುವುದೆಂದು ಹೇಳಿದನು. ಅದನ್ನೂ ಮಾಡಿದ್ದಾಯಿತು. ಬಲದ ದೀಪವು ಪ್ರಖರವಾಯಿತು. ಎಡದ್ದು ಹಾಗೆಯೇ ಮಿಣುಕುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ ಬಂದು ಫ್ಯೂಸು ಕರಗಿತು. ಹುಡುಗನು ಫ್ಯೂಸಿನ ಸ್ಥಳದಲ್ಲಿ ತಾಮ್ರದ ತಂತಿಯನ್ನು ಸುತ್ತಿಕೊಟ್ಟನು. 55 ವಾಟಿನ ಎರಡು ತಂತುಗಳಿಗೆ ಬೇಕಾಗುವ ಪ್ರವಾಹವು ಸುಮಾರು 9 ಆಂಪಿಯರು. 90 ವಾಟಿನವುಗಳಿಗೆ 15. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗದಂತೆ ಏರುವುದರಿಂದ, ಅದೇ ಹಳೆಯ ತಂತಿಯು ಎರಡೂವರೆ ಪಾಲಿಗಿಂತಲೂ ಹೆಚ್ಚು ಕಾಯುತ್ತದೆ. ಫ್ಯೂಸು ಇರುವುದು ದೀಪವನ್ನು ಕಾಪಾಡುವುದಕ್ಕಲ್ಲ, ತಂತಿಯನ್ನು ಕಾಪಾಡುವುದಕ್ಕೆ. ತಾನು ಮೊದಲು ಸತ್ತು ಬೆಂಕಿಯನ್ನು ತಪ್ಪಿಸುವ ಸೇವಕನವನು. ಅವನು ಸತ್ತದ್ದೇಕೆಂದು ವಿಚಾರಿಸದೆ, ಸಾಯಲಾರದವನೊಬ್ಬನನ್ನು ಆ ಸ್ಥಳದಲ್ಲಿ ನಿಲ್ಲಿಸಿದರೆ ಮುಂದೆ ಉರಿಯುವುದು ಗಾಡಿಯೇ. ಈ ಘಟ್ಟದಲ್ಲಿ ರಾಯರ ಪತ್ನಿಯವರು ಆ ಜೀಪಿನಲ್ಲಿ ತಾವು ಕುಳಿತುಕೊಳ್ಳುವುದಿಲ್ಲವೆಂದು ಖಂಡಿತವಾಗಿ ಹೇಳಿದರು. ಆ ಮನೆಯಲ್ಲಿ ಅಂದಿನವರೆಗೆ ನಡೆದ ವಿಚಾರಗಳಲ್ಲೆಲ್ಲ ಯುಕ್ತಿಯುಕ್ತವಾದುದು ಇದೊಂದೇ.

ಆಮೇಲೆ ಪೇಟೆಯ ಮುದುಕ ಮೇಸ್ತ್ರಿಯೊಬ್ಬನನ್ನು ಕರೆಸಲಾಯಿತು. ಅವನು ಬಂದು ಯಾವುದನ್ನೂ ಬಿಚ್ಚಲಿಲ್ಲ. ತಾಮ್ರದ ಸುತ್ತನ್ನು ಕಿತ್ತು ಸರಿಯಾದ ಫ್ಯೂಸನ್ನು ಹಾಕಿದನು. ಮೊದಲಿನ 60/55 ವಾಟಿನ ಬಲ್ಬುಗಳನ್ನೇ ಮತ್ತೆ ಇಡಿಸಿದನು. ಲೋ ಬೀಮನ್ನು ಹಾಕಿಸಿ, ಗಾಡಿಯ ಸುತ್ತ ಒಂದು ಬಾರಿ ನಡೆದು, ಒಳಗೆ ಇಣಿಕಿ, “ರಾಯರೇ, ಆ ನೀಲಿ ದೀಪ ಯಾಕೆ ಉರೀತಿದೆ?” ಎಂದು ಕೇಳಿದನು. ಹೈ ಬೀಮು ಹಾಕಿದಾಗ ಮಾತ್ರ ಉರಿಯಬೇಕಾದ ಸೂಚಕದೀಪವು ಹಾಕದೆಯೇ ಮಸುಕಾಗಿ ಉರಿಯುತ್ತಿತ್ತು. ಮೊದಲ ದಿನದಿಂದಲೂ ಹಾಗೆಯೇ ಇತ್ತು. ರಾಯರೂ ಕಂಡಿದ್ದರು, ಹುಡುಗನೂ ಕಂಡಿದ್ದನು. ಎಡದ ಬಲ್ಬಿನ ಮೇಲಿನ ಆರೋಪಕ್ಕೆ ಅದರಿಂದ ಉಪಯೋಗವಿಲ್ಲದಿದ್ದುದರಿಂದ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನಿಜವಾಗಿ ನಡೆದದ್ದು ಇದು. ಎಡದ ದೀಪದ ಅರ್ತಿಂಗ್ ತಂತಿಯನ್ನು ಮಡ್‌ಗಾರ್ಡಿನ ಹೊಸ ಬಣ್ಣದ ಮೇಲೆ ಬಿಗಿದಿದ್ದರು. ಬಣ್ಣವು ವಿದ್ಯುತ್ತನ್ನು ಬಿಡುವುದಿಲ್ಲ. ಲೋ ಬೀಮಿನ ತಂತುವಿಗೆ ಬಂದ ವಿದ್ಯುತ್ತಿಗೆ ಹಿಂದಿರುಗುವ ದಾರಿ ಮುಚ್ಚಿತ್ತು. ಆದರೂ ಅದು ಸುಮ್ಮನಿರಲಿಲ್ಲ. ಅದೇ ಬಲ್ಬಿನ ಹೈ ಬೀಮಿನ ತಂತುವಿನೊಳಗೆ ಹಿಮ್ಮುಖವಾಗಿ ಹೊಕ್ಕು, ಹೈ ಬೀಮಿನ ತಂತಿಯಲ್ಲಿ ಓಡಿ, ಬಲದ ದೀಪದ ಹೈ ಬೀಮಿನ ತಂತುವನ್ನು ಹಾದು, ಅಲ್ಲಿನ ಒಳ್ಳೆಯ ಅರ್ತಿಂಗಿನಿಂದ ಬ್ಯಾಟರಿಯನ್ನು ಸೇರುತ್ತಿತ್ತು. ದಾರಿಯಲ್ಲಿ ಸಿಕ್ಕಿದ ನೀಲಿ ಸೂಚಕವನ್ನೂ ಮಸುಕಾಗಿ ಹೊತ್ತಿಸುತ್ತಿತ್ತು. ಒಂದು ತಂತುವಿಗೆ ಸಲ್ಲಬೇಕಾದ 12 ವೋಲ್ಟನ್ನು ಮೂರು ತಂತುಗಳು ಹಂಚಿಕೊಳ್ಳುವಾಗ ಎಡದ ದೀಪವು ಮಿಣುಕದೆ ಮತ್ತೇನು ಮಾಡೀತು? ಮೇಸ್ತ್ರಿಯು ದೀಪವನ್ನು ಉರಿಯಗೊಟ್ಟೇ, ಎಡದ ಸಾಕೆಟ್ಟಿನ ಅರ್ತಿಂಗ್ ಕಡ್ಡಿಗೂ ಬ್ಯಾಟರಿಯ ಋಣ ತುದಿಗೂ ಮೀಟರನ್ನು ಹಿಡಿದು ತೋರಿಸಿದನು. ಬಹುಮಟ್ಟಿಗೆ ಸೊನ್ನೆಯಿರಬೇಕಾದಲ್ಲಿ 7 ವೋಲ್ಟನ್ನು ಮೀರಿ ಮುಳ್ಳು ನಿಂತಿತು. ಬಣ್ಣವನ್ನು ಒಂದು ರೂಪಾಯಿ ಅಗಲಕ್ಕೆ ಕೆರೆದು, ಲೋಹ ಹೊಳೆಯುವಂತೆ ಉಜ್ಜಿ, ಬಳೆತುದಿಯ ತಂತಿಯನ್ನು ಬಿಗಿದು, ತುಕ್ಕು ಹಿಡಿಯದಂತೆ ಗ್ರೀಸು ಸವರಿದನು. ಎಡದ ದೀಪವು ಬಲದ್ದಕ್ಕೆ ಸಮನಾಯಿತು. ನೀಲಿ ಸೂಚಕವು ಆರಿತು.

ಬೆಳಕು ಸಾಲದೆಂಬ ಮೂಲದ ಕೊರತೆ ಇನ್ನೂ ಉಳಿದಿತ್ತು. ಬ್ಯಾಟರಿಯಲ್ಲಿ 12.4 ಇದ್ದಾಗ ಬಲ್ಬಿನ ಬುಡದಲ್ಲಿ 11 ವೋಲ್ಟು ಮಾತ್ರ ಇತ್ತು. ಹಳೆಯ ಸ್ವಿಚ್ಚೂ ಸಣ್ಣ ತಂತಿಯೂ ಉಳಿದುದನ್ನು ತಿಂದುಹಾಕುತ್ತಿದ್ದುವು. ತಂತುವಿನ ದೀಪದಲ್ಲಿ ವೋಲ್ಟು ನೂರಕ್ಕೆ ಹತ್ತು ಪಾಲು ಇಳಿದರೆ ಬೆಳಕು ಸುಮಾರು ಮೂವತ್ತು ಪಾಲು ಇಳಿಯುತ್ತದೆ. ಇದಕ್ಕೆ ಉಪಾಯವು ರಿಲೇ. ಸ್ವಿಚ್ಚಿನ ಸಣ್ಣ ಪ್ರವಾಹವು 85, 86 ಎಂಬ ತುದಿಗಳ ನಡುವಣ ಸುರುಳಿಯನ್ನು ಎಚ್ಚರಿಸುವುದು. ಬ್ಯಾಟರಿಯಿಂದ ಫ್ಯೂಸಿನ ಮೂಲಕ ನೇರವಾಗಿ ಬಂದ ದಪ್ಪ ತಂತಿಯು 30ರಿಂದ ಹೊಕ್ಕು 87ರಿಂದ ದೀಪಕ್ಕೆ ಹೊರಡುವುದು. ಜಪಾನಿನ ಕೆಲವು ಗಾಡಿಗಳಲ್ಲಿ ಸ್ವಿಚ್ಚು ಬರುವ ದಾರಿಯಲ್ಲಿರದೆ ಹಿಂದಿರುಗುವ ದಾರಿಯಲ್ಲಿರುವುದರಿಂದ, ಅಂಗಡಿಯ ಸಿದ್ಧ ತಂತಿಗಳನ್ನು ಅವುಗಳಿಗೆ ಹಾಗೆಯೇ ಹಾಕಲಾಗದೆಂಬುದನ್ನೂ ತಿಳಿದಿರಬೇಕು. ರಾಯರ ಜೀಪಿಗೆ ಎರಡು ರಿಲೇಗಳನ್ನು ಕೂರಿಸಿದ ಮೇಲೆ 55 ವಾಟಿನ ಬಲ್ಬೇ ತಕ್ಕಷ್ಟು ಬೆಳಗಿತು.

ಇಷ್ಟಾದಮೇಲೆ ಗಾಡಿಯು ಸರಿಯಾಯಿತಲ್ಲವೆ? ಇಲ್ಲಿ ರಾಯರ ಅಳಿಯನ ಕಾರಿನ ಸಂಗತಿಯನ್ನು ನಡುವೆ ತರುವುದು ಅವಶ್ಯ. ಅದು ಹೊಸ ಕಾರು. ಹ್ಯಾಲೊಜನ್ ಬಲ್ಬನ್ನು ತೆಗೆದು ಎಲ್‌ಇಡಿಯನ್ನು ಹಾಕಿದಾಗ, ಅದು ಎಳೆಯುವ ಪ್ರವಾಹವು ಬಹಳ ಕಡಮೆಯಾದ್ದರಿಂದ, ಬಲ್ಬು ಸುಟ್ಟುಹೋಗಿದೆಯೆಂದು ಗಾಡಿಯ ಯಂತ್ರವು ಎಚ್ಚರಿಕೆ ಕೊಡತೊಡಗಿತು. ಅದರ ಬಾಯಿ ಮುಚ್ಚಿಸಲು 6 ಓಮಿನ ರೆಸಿಸ್ಟರನ್ನು ದೀಪದ ಪಕ್ಕದಲ್ಲಿ ಜೋಡಿಸುವುದು ರೂಢಿ. ಅದು 2 ಆಂಪಿಯರನ್ನು ಎಳೆದು, 24 ವಾಟನ್ನು ಬರಿಯ ಶಾಖವನ್ನಾಗಿ ಮಾಡಿ, ಸಾಕಷ್ಟು ದೊಡ್ಡ ದೀಪವೊಂದು ಉರಿಯುತ್ತಿದೆಯೆಂದು ಯಂತ್ರವನ್ನು ನಂಬಿಸುತ್ತದೆ. ಪ್ಲಾಸ್ಟಿಕ್ಕಿಗೆ ತಗಲಿದರೆ ಅದನ್ನು ಕರಗಿಸುವಷ್ಟು ಕಾಯುವುದೂ ಉಂಟು. ಆದರೆ ಶಾಖಕ್ಕಿಂತ ಹೆಚ್ಚಿನ ಆಕ್ಷೇಪವೊಂದಿದೆ. ನಾಳೆ ಆ ಎಲ್‌ಇಡಿಯು ನಿಜವಾಗಿಯೇ ಆರಿಹೋದರೂ ರೆಸಿಸ್ಟರು ತನ್ನ 2 ಆಂಪಿಯರನ್ನು ಎಳೆಯುತ್ತಲೇ ಇರುವುದು, ಯಂತ್ರವು ಮೌನವಾಗಿರುವುದು. ಸುಳ್ಳು ಎಚ್ಚರಿಕೆಯನ್ನು ನಿಲ್ಲಿಸುವ ಭರದಲ್ಲಿ ನಿಜವಾದ ಎಚ್ಚರಿಕೆಯನ್ನೂ ಕೊಂದಂತಾಯಿತು. ಇದನ್ನು ದುರಸ್ತಿಯೆನ್ನುವುದಕ್ಕಿಂತ ಸಾಕ್ಷಿಯನ್ನು ತಿದ್ದುವುದೆನ್ನುವುದೇ ಒಪ್ಪುವುದು.

ಹೊರಗಿನಿಂದ ಜೋಡಿಸುವುದೆಲ್ಲವೂ ಹೀಗೆಯೇ ಎಂದಲ್ಲ. ಅಮೆರಿಕದ ಜೀಪ್ ರಾಂಗ್ಲರ್ ಗಾಡಿಯ 2007ರಿಂದ 2018ರವರೆಗಿನ ಮಾದರಿಯಲ್ಲಿ ಹೆಡ್‌ಲೈಟಿಗೆ ವಿದ್ಯುತ್ತನ್ನು ಅವಿಚ್ಛಿನ್ನವಾಗಿ ಕೊಡದೆ, ಕ್ಷಿಪ್ರವಾಗಿ ತುಂಡುತುಂಡಾಗಿ ಕೊಡುತ್ತಿದ್ದರು. ಕಾದ ತಂತುವು ಆ ಸಣ್ಣ ಬಿಡುವುಗಳಲ್ಲಿ ತಣ್ಣಗಾಗದು, ಎಲ್‌ಇಡಿಯಾದರೋ ಮಿಡಿಯತೊಡಗುವುದು. ನಡುವೆ ಕೆಪ್ಯಾಸಿಟರನ್ನು ಇಟ್ಟು ಪ್ರವಾಹವನ್ನು ಸಮಮಾಡಿದರೆ ಮಿಡಿತವು ನಿಲ್ಲುವುದು. ಅದು ಯಾರಿಗೂ ಸುಳ್ಳು ಹೇಳದು. ಎರಡು ಉಪಾಯಗಳೂ ಅಂಗಡಿಯ ಒಂದೇ ಸಾಲಿನಲ್ಲಿ ತೂಗಾಡುತ್ತಿರುವುವು. ಕೊಳ್ಳುವವನೇ ಭೇದವನ್ನು ಅರಿಯಬೇಕು.

ಈಗ ಮೊದಲಿನ ಪ್ರಶ್ನೆಯ ಕಠಿನವಾದ ಭಾಗಕ್ಕೆ ಬರಬೇಕು. ತಂತಿಯೆಲ್ಲ ಸರಿಯಿದೆ, ದೀಪ ಪ್ರಖರವಾಗಿದೆ, ಒಡೆಯನು ಸಂತುಷ್ಟನಾಗಿದ್ದಾನೆ. ಎದುರಿನಿಂದ ಬರುವವನಿಗೆ ಮಾತ್ರ ಕಣ್ಣು ಕುಕ್ಕಿ ದಾರಿ ಕಾಣದು. ಈ ದೀಪವು ಸರಿಯಾಗಿದೆಯೆ, ಕೆಟ್ಟಿದೆಯೆ?

ಪೂರ್ವಪಕ್ಷಕ್ಕೆ ಬಲವಿಲ್ಲವೆನ್ನಲಾಗದು. ದೀಪದ ಕೆಲಸವು ತನ್ನ ಒಡೆಯನಿಗೆ ದಾರಿ ತೋರುವುದು. ಅದನ್ನು ಅದು ಮಾಡುತ್ತಿದೆ. ಘಾಟಿಯ ರಸ್ತೆಯಲ್ಲಿ ಒಂದು ಪಕ್ಕಕ್ಕೆ ಪ್ರಪಾತ, ಮೇಲೆ ಮಳೆ, ಗಾಡಿಯಲ್ಲಿ ಹೆಂಡತಿ ಮಕ್ಕಳು. ಎದುರಿನವರೆಲ್ಲರೂ ಕಣ್ಣು ಕುಕ್ಕುವ ದೀಪಗಳನ್ನೇ ಹಾಕಿಕೊಂಡು ಬರುವಾಗ ತಾನೊಬ್ಬನು ದೀಪವನ್ನು ತಗ್ಗಿಸಿ ಸಾಯಬೇಕೆ? ತನ್ನವರನ್ನು ರಕ್ಷಿಸುವುದು ಗೃಹಸ್ಥನ ಮೊದಲನೆಯ ಧರ್ಮವಲ್ಲವೆ?

ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರವು, ಎದುರಿನವನು ಕುರುಡಾದರೆ ನಿನ್ನ ಗಾಡಿಗೇ ಬಂದು ಹೊಡೆಯುವನು ಎಂಬುದು. ಉತ್ತರವು ನಿಜ, ಆದರೆ ಸಾಲದು. ಎದುರಿಗೆ ಬರುವವನು ನಡೆದುಹೋಗುವ ಕೂಲಿಯಾಳಾಗಿದ್ದರೆ ಅವನು ಚರಂಡಿಗೆ ಬೀಳುವನಲ್ಲದೆ ಯಾರಿಗೂ ಹೊಡೆಯಲಾರನು. ಅವನ ವಿಷಯದಲ್ಲಿ ಲಾಭನಷ್ಟದ ಲೆಕ್ಕವು ಮೌನವಾಗುತ್ತದೆ. ಹೇತುವನ್ನೇ ಪರೀಕ್ಷಿಸಿದರೆ ಬೇರೊಂದು ಉತ್ತರವು ದೊರೆಯುವುದು. ರಾಯರಿಗೆ ಹೆಚ್ಚು ಬೆಳಕು ಬೇಕಾದುದೇಕೆ? ಕಣ್ಣಿಗೆ ವಯಸ್ಸಾದುದರಿಂದ. ವಯಸ್ಸಾದ ಕಣ್ಣಿನ ಲಕ್ಷಣವಾದರೋ ಎರಡು ಬಗೆಯದು: ಕತ್ತಲಲ್ಲಿ ಹೆಚ್ಚು ಬೆಳಕನ್ನು ಬೇಡುವುದು, ನೇರವಾಗಿ ಬಿದ್ದ ಬೆಳಕು ಒಳಗೆ ಚದರುವುದರಿಂದ ಹೆಚ್ಚು ಕುಕ್ಕಿ, ನಿಧಾನವಾಗಿ ಚೇತರಿಸಿಕೊಳ್ಳುವುದು. ಎದುರಿನಿಂದ ಬರುವವನಿಗೂ ಅರವತ್ತೈದಾಗಿರಬಹುದು. ಹಾಗಾದರೆ ರಾಯರು ದೊಡ್ಡ ದೀಪಕ್ಕೆ ಕೊಟ್ಟ ಕಾರಣವೇ ಆ ದೀಪಕ್ಕೆ ವಿರೋಧಿಯಾಗಿ ನಿಲ್ಲುತ್ತದೆ. ತನ್ನಲ್ಲಿದ್ದಾಗ ಕಾರಣವೆನಿಸಿ ಪರನಲ್ಲಿದ್ದಾಗ ಕಾರಣವೆನಿಸದ ಹೇತುವು ಹೇತುವಲ್ಲ, ಬರಿಯ ಇಚ್ಛೆ.

ಕಾನೂನು ಇದನ್ನು ತನ್ನ ರೀತಿಯಲ್ಲಿ ಹೇಳಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ತಯಾರಕನು ನಿರ್ದೇಶಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಜರ್ಮನಿಯಲ್ಲಿ 2020ರಲ್ಲಿ ಹ್ಯಾಲೊಜನ್ನಿನ ಸ್ಥಳದಲ್ಲಿ ಎಲ್‌ಇಡಿಗೆ ಮೊದಲು ಅನುಮತಿ ಕೊಟ್ಟಾಗಲೂ, ಪರೀಕ್ಷಿಸಿ ಪಟ್ಟಿಮಾಡಿದ ಗಾಡಿಗಳಿಗೆ ಮಾತ್ರ ಕೊಟ್ಟರು. ಇದಕ್ಕೆ ಕಾರಣವುಂಟು. ದೀಪದ ಹಿಂದಣ ಕನ್ನಡಿಯನ್ನು ತಂತುವು ನಿಲ್ಲುವ ಸ್ಥಳಕ್ಕೆ ಸರಿಯಾಗಿ ರೂಪಿಸಿರುತ್ತಾರೆ. ಎಚ್4 ಬಲ್ಬಿನ ಲೋ ಬೀಮಿನ ತಂತುವಿಗೆ ಕೆಳಗಿನಿಂದ ಸಣ್ಣ ಲೋಹದ ಮರೆಯೊಂದುಂಟು, ಬೆಳಕು ಮೇಲಕ್ಕೆ ಚಿಮ್ಮದಂತೆ. ಆ ಸ್ಥಳದಲ್ಲಿ ಬೇರೆ ಆಕಾರದ ಬೆಳಕನ್ನಿಟ್ಟರೆ ಕನ್ನಡಿಯು ಅದನ್ನು ದಿಕ್ಕು ತಪ್ಪಿಸಿ ಎರಚುವುದು. ಒಳಗೆ ಕುಳಿತವನಿಗೆ ಮರದ ಎಲೆಗಳೂ ಬೆಳಗುತ್ತಿರುವುದು ಕಂಡು ಸಂತೋಷವಾಗುತ್ತದೆ. ಮರದ ಎಲೆಗೆ ಹೋದ ಬೆಳಕು ರಸ್ತೆಗೆ ಸಲ್ಲಬೇಕಾದುದೆಂದೂ, ಎದುರಿನವನ ಮುಖದ ಮೇಲೂ ಅದೇ ಬೀಳುತ್ತಿದೆಯೆಂದೂ ಅವನು ಅರಿಯನು. ತಾನು ಮಾಡಿದ ಕೇಡು ತನ್ನ ಪೀಠದಿಂದ ಕಾಣದೆಂಬುದೇ ಈ ದೋಷದ ವಿಶೇಷ. ತಂತಿಯ ದೋಷಕ್ಕಾದರೆ ನೀಲಿ ಸೂಚಕವಾದರೂ ಇತ್ತು. ಇದಕ್ಕೆ ಗಾಡಿಯೊಳಗೆ ಯಾವ ಸೂಚಕವೂ ಇಲ್ಲ.

ರಾಯರ ಮೇಸ್ತ್ರಿಯು ಇಷ್ಟೆಲ್ಲ ವಾದಿಸಿದವನಲ್ಲ. ರಿಲೇಗಳನ್ನು ಕೂರಿಸಿದ ಮೇಲೆ, ಕೂಲಿ ತೆಗೆದುಕೊಳ್ಳದೆ, ಜೀಪನ್ನು ಅಡಕೆ ಒಣಗಿಸುವ ಅಂಗಳದ ಸಮನಾದ ನೆಲಕ್ಕೆ ತರಿಸಿದನು. ಕೊಟ್ಟಿಗೆಯ ಗೋಡೆಗೆ ಹತ್ತು ಮೀಟರು ದೂರದಲ್ಲಿ ನಿಲ್ಲಿಸಿ, ದೀಪದ ನಡುವಿನ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆಯೆಳೆದನು. ಅದಕ್ಕೆ ಹತ್ತು ಸೆಂಟಿಮೀಟರು ಕೆಳಗೆ ಇನ್ನೊಂದು. ಲೋ ಬೀಮಿನ ಬೆಳಕಿನ ಮೇಲಂಚು ಕೆಳಗಿನ ಗೆರೆಯನ್ನು ಮುಟ್ಟುವವರೆಗೆ ತಿರುಪುಗಳನ್ನು ತಿರುಗಿಸಿದನು. ರಾಯರಿಗೆ ಇದು ಒಪ್ಪಿಗೆಯಾಗಲಿಲ್ಲ. ಇಷ್ಟು ಖರ್ಚುಮಾಡಿ ತಂದ ಬೆಳಕನ್ನು ನೆಲಕ್ಕೆ ಸುರಿಯುವುದೇಕೆಂದು ಕೇಳಿದರು.

“ನೀವೇ ಆಚೆ ಹೋಗಿ ನಿಂತು ನೋಡಿ ರಾಯರೇ, ಆಮೇಲೆ ಹೇಳಿದ ಹಾಗೆ ಮಾಡ್ತೇನೆ” ಎಂದನು ಮೇಸ್ತ್ರಿ.

ಹುಡುಗನು ಜೀಪನ್ನು ತೋಟದ ದಾರಿಯ ಬಾಯಿಗೆ ತಿರುಗಿಸಿ ನಿಲ್ಲಿಸಿದನು. ರಾಯರು ಛತ್ರಿಯನ್ನು ಊರಿಕೊಂಡು ಕತ್ತಲಲ್ಲಿ ನೂರು ಹೆಜ್ಜೆ ನಡೆದು ಹಿಂದಿರುಗಿ ನಿಂತರು. ಇಪ್ಪತ್ತು ವರ್ಷಗಳಿಂದ ಆ ಜೀಪನ್ನು ಓಡಿಸುತ್ತಿದ್ದರೂ ಅದರ ದೀಪವನ್ನು ಎದುರಿನಿಂದ ಅವರು ಅಂದಿನವರೆಗೆ ನೋಡಿರಲಿಲ್ಲ. ಬಲದ ದೀಪವು ಸೌಮ್ಯವಾಗಿತ್ತು. ಎಡದ್ದು ಗೋಡೆಯ ಮೇಲೆ ಸರಿಯಾಗಿ ಕಂಡಿದ್ದರೂ ತಿರುಪು ಸಡಿಲವಾಗಿದ್ದುದರಿಂದ ಜೀಪು ಅಲುಗಿದಾಗ ಮೇಲಕ್ಕೆ ಜಾರಿತ್ತು. ರಾಯರು ಹುಬ್ಬಿಗೆ ಕೈ ಅಡ್ಡ ಹಿಡಿದರು. ಕಾಲಿನ ಬುಡದಲ್ಲಿದ್ದ ಕಾಲುವೆಯೂ ಕಾಣಲಿಲ್ಲ.

“ಎಡದ್ದು ಇಳಿಸು ಮಾರಾಯ!” ಎಂದು ಅಲ್ಲಿಂದಲೇ ಕೂಗಿದರು. ಮೇಸ್ತ್ರಿಯು ತಿರುಪುಳಿಯನ್ನು ಹಿಡಿದು ಬಗ್ಗಿದನು. “ಇನ್ನೂ ಸ್ವಲ್ಪ,” ಎಂದು ರಾಯರು ಮತ್ತೆ ಕೂಗಿದರು, “ಇನ್ನೂ ಸ್ವಲ್ಪ.”